ಕ್ಯಾಲಿಫೋರ್ನಿಯಾದಲ್ಲಿ ಐಪಿಪಿ: ಬೆಳವಣಿಗೆಯ ನ್ಯೂನತೆಯಿರುವ ಮಕ್ಕಳ ಕನ್ನಡ ಪೋಷಕರಿಗೆ ಒಂದು ಮಾರ್ಗದರ್ಶಿ

ಬೆಳವಣಿಗೆಯ ನ್ಯೂನತೆಯಿರುವ ವ್ಯಕ್ತಿಗೆ ಜೀವನಪೂರ್ತಿ ನೆರವು ಒದಗಿಸುವುದು ರಾಜ್ಯದ ಹೊಣೆ ಎಂದು ಕ್ಯಾಲಿಫೋರ್ನಿಯಾ 1969ರಲ್ಲೇ ಕಾನೂನು ಮಾಡಿತು. ಲ್ಯಾಂಟರ್‌ಮನ್ ಕಾಯ್ದೆ ಎಂದು ಹೆಸರಾದ ಈ ಕಾನೂನಿನ ಅಡಿಯಲ್ಲಿ ರಾಜ್ಯದಾದ್ಯಂತ 21 ರೀಜನಲ್ ಸೆಂಟರ್‌ಗಳಿವೆ. ಇವು ಸರ್ಕಾರಿ ಕಚೇರಿಗಳಲ್ಲ, ಸರ್ಕಾರದ ಹಣದಿಂದ ನಡೆಯುವ ಲಾಭರಹಿತ ಸಂಸ್ಥೆಗಳು. ಸೇವೆ ಪಡೆಯುವ ವ್ಯಕ್ತಿಗಾಗಿ ಇವು ಸಿದ್ಧಪಡಿಸುವ ಬದುಕಿನ ಯೋಜನೆಯೇ ಐಪಿಪಿ (ಇಂಡಿವಿಜುವಲ್ ಪ್ರೋಗ್ರಾಂ ಪ್ಲಾನ್). ಸಾಂಟಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿದವರಿಗೆ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್, ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯವರಿಗೆ ರೀಜನಲ್ ಸೆಂಟರ್ ಆಫ್ ದ ಈಸ್ಟ್ ಬೇ. ನಮ್ಮವರಲ್ಲಿ ಅನೇಕರು ಗ್ರೀನ್ ಕಾರ್ಡ್ ಬಂದ ಮೇಲೆ ಅರ್ಜಿ ಹಾಕಿದರಾಯಿತು ಎಂದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ರೀಜನಲ್ ಸೆಂಟರ್ ಸೇವೆಗೆ ಪೌರತ್ವವೂ ಬೇಡ, ಗ್ರೀನ್ ಕಾರ್ಡೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ ವಾಸವಿದ್ದು ಅರ್ಹತೆಯ ಷರತ್ತುಗಳನ್ನು ಪೂರೈಸಿದರೆ ಸಾಕು.

ಬೌದ್ಧಿಕ ನ್ಯೂನತೆ, ಸೆರೆಬ್ರಲ್ ಪಾಲ್ಸಿ, ಅಪಸ್ಮಾರ, ಆಟಿಸಂ, ಅಥವಾ ಬೌದ್ಧಿಕ ನ್ಯೂನತೆಯನ್ನು ಬಹುವಾಗಿ ಹೋಲುವ ಇಲ್ಲವೇ ಅಂಥದ್ದೇ ಆರೈಕೆ ಬೇಡುವ ಸ್ಥಿತಿ ಇರಬೇಕು. ಅದು 18 ವರ್ಷಕ್ಕೆ ಮುಂಚೆ ಆರಂಭವಾಗಿರಬೇಕು. ಜೊತೆಗೆ ಸ್ವಂತ ಆರೈಕೆ, ಭಾಷೆ, ಕಲಿಕೆ, ಓಡಾಟ, ಸ್ವಂತ ನಿರ್ಧಾರ, ಸ್ವತಂತ್ರ ಬದುಕು, ದುಡಿಮೆ ಎಂಬ ಏಳು ಕ್ಷೇತ್ರಗಳ ಪೈಕಿ ಕನಿಷ್ಠ ಮೂರರಲ್ಲಿ ಗಮನಾರ್ಹ ಮಿತಿ ಇರಬೇಕು. ಕೇವಲ ಮಾನಸಿಕ ಕಾಯಿಲೆ ಅಥವಾ ಕೇವಲ ದೈಹಿಕ ಅಂಗವಿಕಲತೆ ಇರುವವರಿಗೆ ಈ ದಾರಿ ತೆರೆದಿಲ್ಲ. ಮಗ ಅಥವಾ ಮಗಳು ದೊಡ್ಡವರಾದ ಮೇಲೆ ಭಾರತದಿಂದ ಬಂದಿದ್ದರೆ, ಸಮಸ್ಯೆ ಬಾಲ್ಯದಿಂದಲೇ ಇತ್ತೆಂದು ತೋರಿಸುವ ಕಾಗದಗಳೇ ಅರ್ಜಿಯ ಜೀವಾಳ. ನಿಮ್ಹಾನ್ಸ್‌ನ ಹಳೆಯ ವರದಿ, ವಿಶೇಷ ಶಾಲೆಯ ದಾಖಲೆ, ಮಕ್ಕಳ ವೈದ್ಯರು ಕೈಬರಹದಲ್ಲಿ ಬರೆದುಕೊಟ್ಟ ಚೀಟಿ, ಯಾವುದನ್ನೂ ಎಸೆಯಬೇಡಿ. ಭಾರತದ ಅಂಗವಿಕಲತೆಯ ಗುರುತಿನ ಚೀಟಿಯೊಂದರಿಂದಲೇ ಇಲ್ಲಿ ಅರ್ಹತೆ ಸಿಗುವುದಿಲ್ಲ, ಆದರೆ ಪೂರಕ ದಾಖಲೆಯಾಗಿ ಅದು ಉಪಯೋಗಕ್ಕೆ ಬರುತ್ತದೆ.

ಮೂರು ವರ್ಷದೊಳಗಿನ ಮಗುವಿನ ಹಾದಿ ಬೇರೆ. ಅರ್ಲಿ ಸ್ಟಾರ್ಟ್ ಕಾರ್ಯಕ್ರಮಕ್ಕೆ ಮಗುವಿನ ಹೆಸರು ಹೋದ 45 ದಿನಗಳೊಳಗೆ ಮೌಲ್ಯಮಾಪನ ನಡೆಸಿ, ಇಡೀ ಕುಟುಂಬವನ್ನು ಗಮನದಲ್ಲಿಟ್ಟುಕೊಂಡ ಐಎಫ್‌ಎಸ್‌ಪಿ ಎಂಬ ಯೋಜನೆಯನ್ನು ಸಿದ್ಧಪಡಿಸಬೇಕು. ಮಗುವಿಗೆ ಮೂರು ತುಂಬಿದ ದಿನ ಈ ಕಾರ್ಯಕ್ರಮ ಮುಗಿದು ಶಾಲಾ ಜಿಲ್ಲೆಯ ಹೊಣೆ ಆರಂಭವಾಗುತ್ತದೆ. ಎಷ್ಟೋ ಕುಟುಂಬಗಳು ಹಾದಿ ತಪ್ಪುವುದು ಇಲ್ಲಿಯೇ. ಇನ್ನು ಎಲ್ಲವನ್ನೂ ಶಾಲೆ ನೋಡಿಕೊಳ್ಳುತ್ತದೆ ಎಂದು ನಂಬಿ, ರೀಜನಲ್ ಸೆಂಟರ್‌ನ ಕಡತ ಮುಚ್ಚಿಹೋಗಲು ಬಿಡುತ್ತಾರೆ. ಲ್ಯಾಂಟರ್‌ಮನ್ ಕಾಯ್ದೆಯ ಅಡಿಯಲ್ಲಿ ಮಗುವಿನ ಅರ್ಹತೆಯನ್ನು ಪರಿಶೀಲಿಸಿ ಎಂದು ಮೂರು ತುಂಬುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಶಾಲೆಯ ವಿಶೇಷ ಶಿಕ್ಷಣ ಯೋಜನೆಯಾದ ಐಇಪಿಯ ಬಗ್ಗೆ ನಮ್ಮವರಿಗೆ ಸಾಕಷ್ಟು ತಿಳಿದಿರುತ್ತದೆ, ಆದ್ದರಿಂದ ಎರಡೇ ಮಾತು. ಸಭೆಯಲ್ಲಿ ಮುಂದಿಟ್ಟ ಐಇಪಿಗೆ ಇಡಿಯಾಗಿ ಸಹಿ ಹಾಕಲೇಬೇಕೆಂದಿಲ್ಲ. ಒಪ್ಪಿಗೆಯಾದ ಭಾಗಕ್ಕೆ ಮಾತ್ರ ಒಪ್ಪಿಗೆ ಕೊಟ್ಟು, ಉಳಿದದ್ದಕ್ಕೆ ನಿಮ್ಮ ಆಕ್ಷೇಪವನ್ನು ಬರೆಯಬಹುದು. ಎರಡನೆಯದು, ವಿಶೇಷ ಶಿಕ್ಷಣದ ಹಕ್ಕು 22 ವರ್ಷದವರೆಗೆ ಇದ್ದರೂ ಸಾಮಾನ್ಯ ಹೈಸ್ಕೂಲ್ ಡಿಪ್ಲೊಮಾ ಪಡೆದ ಕೂಡಲೇ ಅದು ಕೊನೆಗೊಳ್ಳುತ್ತದೆ. ಪದವಿ ಸಮಾರಂಭದ ಸಂಭ್ರಮಕ್ಕೆ ಮನಸೋತು ನಾಲ್ಕು ವರ್ಷಗಳ ತರಬೇತಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಇನ್ನು ಈ ಬರಹದ ಮುಖ್ಯ ವಿಷಯಕ್ಕೆ ಬರೋಣ. ರೀಜನಲ್ ಸೆಂಟರ್‌ನ ಐಪಿಪಿ ಎಂಬುದು ವ್ಯಕ್ತಿಯ ಇಡೀ ಬದುಕಿನ ಯೋಜನೆ. ಅವರು ಎಲ್ಲಿ, ಯಾರೊಂದಿಗೆ, ಹೇಗೆ ಬದುಕಲು ಬಯಸುತ್ತಾರೆ, ಅದಕ್ಕೆ ಯಾವ ಸೇವೆ ಬೇಕು, ಅದನ್ನು ಯಾರು ಕೊಡುತ್ತಾರೆ, ಯಾವಾಗಿನಿಂದ ಎಂಬುದೆಲ್ಲ ಅದರಲ್ಲಿರಬೇಕು. ಮೂರು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸುವುದು ಕಡ್ಡಾಯ. ಆದರೆ ಪರಿಸ್ಥಿತಿ ಬದಲಾದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ನೀವು ಯಾವಾಗ ಕೇಳಿದರೂ 30 ದಿನಗಳೊಳಗೆ ಸಭೆ ನಡೆಸಬೇಕು. ನೆನಪಿನಲ್ಲಿಡಬೇಕಾದದ್ದು ಇಷ್ಟು: ನಿಮ್ಮ ಕಡತ ನೋಡಿಕೊಳ್ಳುವ ಸೇವಾ ಸಂಯೋಜಕರು ಬಾಯಿಮಾತಿನಲ್ಲಿ ಎಷ್ಟೇ ಭರವಸೆ ಕೊಟ್ಟರೂ ಐಪಿಪಿಯಲ್ಲಿ ಬರೆಯದಿದ್ದರೆ ಅದು ಹಕ್ಕಾಗುವುದಿಲ್ಲ. ಸಂಯೋಜಕರು ಆಗಾಗ ಬದಲಾಗುತ್ತಾರೆ, ಮತ್ತು ಹೊಸಬರಿಗೆ ನಿಮ್ಮ ಮಗುವಿನ ಬಗ್ಗೆ ತಿಳಿಯುವುದು ಆ ಕಾಗದದಿಂದಲೇ.

ನಮ್ಮವರ ಒಂದು ಸ್ವಭಾವ ಈ ಸಭೆಗಳಲ್ಲಿ ಅಡ್ಡಿಯಾಗುತ್ತದೆ. ಹೊರಗಿನವರ ಮುಂದೆ ಮನೆಯ ಕಷ್ಟ ಹೇಳಿಕೊಳ್ಳಬಾರದು, ಮಗುವಿನ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ಸಂಕೋಚ ಅದು. ‘ಹೇಗೋ ನಡೆದುಕೊಂಡು ಹೋಗ್ತಿದೆ, ಊರಿಂದ ಅತ್ತೆ ಬಂದಿದ್ದಾರೆ, ನೋಡ್ಕೊಳ್ತಾರೆ’ ಎಂದು ತಾಯಿ ಹೇಳಿದರೆ, ಸಂಯೋಜಕರು ಬರೆದುಕೊಳ್ಳುವುದು ಮನೆಯಲ್ಲೇ ಸಾಕಷ್ಟು ನೆರವಿದೆ ಎಂದು. ಅತ್ತೆಯವರು ವಿಸಿಟರ್ ವೀಸಾದಲ್ಲಿ ಬಂದವರು, ಕೆಲವು ತಿಂಗಳಲ್ಲಿ ಹಿಂತಿರುಗುತ್ತಾರೆ ಎಂಬುದು ಕಡತಕ್ಕೆ ಹೋಗುವುದೇ ಇಲ್ಲ. ‘ಹಲ್ಲುಜ್ಜಲು ಸ್ವಲ್ಪ ಸಹಾಯ ಬೇಕು’ ಎಂಬ ಹೇಳಿಕೆಯಿಂದಲೂ ಏನೂ ಆಗದು. ‘ಪೇಸ್ಟ್ ಹಾಕಿ ಬ್ರಷ್ ಕೈಗೆ ಕೊಟ್ಟರೆ ಮುಂದಿನ ಹಲ್ಲನ್ನಷ್ಟೇ ಉಜ್ಜುತ್ತಾನೆ, ಒಳಹಲ್ಲನ್ನು ನಾವೇ ಉಜ್ಜಬೇಕು, ಉಗುಳು ಎಂದು ಹೇಳದಿದ್ದರೆ ನುಂಗುತ್ತಾನೆ, ದಿನಕ್ಕೆರಡು ಸಲ ಯಾರಾದರೂ ಪಕ್ಕದಲ್ಲಿ ನಿಲ್ಲಬೇಕು’ ಎಂದು ಬರೆಸಿ. ಸಭೆಗೆ ಮುಂಚಿನ ಒಂದು ವಾರ ಬೆಳಗಿನಿಂದ ರಾತ್ರಿಯವರೆಗೆ ಹೀಗೆ ಟಿಪ್ಪಣಿ ಮಾಡಿಟ್ಟುಕೊಂಡರೆ ಯಾವ ತಜ್ಞರ ವರದಿಗೂ ಅದು ಕಡಿಮೆಯಾಗದು.

ಮನೆಮಾತು ಕನ್ನಡ ಎಂಬುದನ್ನೂ ಯೋಜನೆಯಲ್ಲಿ ಸೇರಿಸಿ. ಹತ್ತಾರು ಪದಗಳನ್ನಷ್ಟೇ ಆಡುವ ಹುಡುಗಿ ಹಗಲು ಹೊತ್ತಿನ ಚಟುವಟಿಕೆ ಕೇಂದ್ರವಾದ ಡೇ ಪ್ರೋಗ್ರಾಂನಲ್ಲಿ ‘ನೀರು’, ‘ಸಾಕು’, ‘ನೋವು’ ಎಂದರೆ ಅಲ್ಲಿಯ ಸಿಬ್ಬಂದಿಗೆ ಅರ್ಥವಾಗಲೇಬೇಕು, ಇಲ್ಲದಿದ್ದರೆ ಕೇಳಿದ್ದು ಸಿಗದೆ ಅವಳು ಕೂಗಾಡಿದ್ದು ‘ವರ್ತನೆಯ ಸಮಸ್ಯೆ’ಯೆಂದು ದಾಖಲಾಗುತ್ತದೆ. ಅವಳಾಡುವ ಪದಗಳ ಪಟ್ಟಿಯನ್ನು ಅರ್ಥದೊಂದಿಗೆ ಐಪಿಪಿಗೆ ಲಗತ್ತಿಸಬಹುದು, ಸಭೆಗೆ ಕನ್ನಡದ ದುಭಾಷಿಯನ್ನೂ ಕೇಳಬಹುದು.

ರೀಜನಲ್ ಸೆಂಟರ್ ಹಣ ಕೊಡುವುದು ಕೊಡಬೇಕಾದ ಬೇರೆಲ್ಲರೂ ಕೈಚೆಲ್ಲಿದ ಮೇಲೆ. ಮೊದಲು ಶಾಲೆ, ವಿಮೆ, ಕಡಿಮೆ ಆದಾಯದವರಿಗಿರುವ ರಾಜ್ಯದ ಆರೋಗ್ಯ ವಿಮೆಯಾದ ಮೆಡಿ-ಕ್ಯಾಲ್ ಇವುಗಳನ್ನು ಕೇಳಬೇಕು, ಅವರು ನಿರಾಕರಿಸಿದರೆ ಅದನ್ನು ಬರವಣಿಗೆಯಲ್ಲೇ ಪಡೆಯಬೇಕು. ಒಳ್ಳೆಯ ಸಂಬಳದ ಐಟಿ ಕುಟುಂಬಗಳು ಮೆಡಿ-ಕ್ಯಾಲ್ ನಮಗಲ್ಲ ಎಂದುಕೊಳ್ಳುತ್ತವೆ. ಆದರೆ ರೀಜನಲ್ ಸೆಂಟರ್ ಮೂಲಕ ಸಿಗುವ ವೇವರ್‌ನಲ್ಲಿ, ಅಂದರೆ ಮೆಡಿ-ಕ್ಯಾಲ್‌ನ ಸಾಮಾನ್ಯ ನಿಯಮಗಳಿಂದ ಕೊಡುವ ವಿನಾಯಿತಿಯಲ್ಲಿ, ತಂದೆತಾಯಿಯ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದೊರೆತರೆ ಐಎಚ್‌ಎಸ್‌ಎಸ್ ಎಂಬ ಮನೆ ಆರೈಕೆಯ ಕಾರ್ಯಕ್ರಮಕ್ಕೂ ಅರ್ಜಿ ಹಾಕಬಹುದು, ಅದರಡಿ ತಂದೆ ಅಥವಾ ತಾಯಿಯೇ ಆರೈಕೆದಾರರಾಗಿ ಸಂಬಳ ಪಡೆಯುವ ಅವಕಾಶವಿದೆ. ಸೇವೆ ಕೊಡುವವರನ್ನು ತಾವೇ ಆರಿಸಿಕೊಳ್ಳಬೇಕೆನ್ನುವವರಿಗೆ ಸೆಲ್ಫ್ ಡಿಟರ್ಮಿನೇಶನ್ ಕಾರ್ಯಕ್ರಮವಿದೆ. 2021ರ ಜುಲೈನಿಂದ ಅದು ರೀಜನಲ್ ಸೆಂಟರ್‌ನ ಅರ್ಹ ಫಲಾನುಭವಿಗಳೆಲ್ಲರಿಗೂ ತೆರೆದಿದ್ದು, ವ್ಯಕ್ತಿಗೆಂದೇ ಒಂದು ವಾರ್ಷಿಕ ಬಜೆಟ್ ನಿಗದಿಯಾಗುತ್ತದೆ. ಆದರೆ ಕಾಗದಪತ್ರದ ಕೆಲಸ ಹೆಚ್ಚು.

ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಅವರು ವಯಸ್ಕರು, ಆಸ್ಪತ್ರೆಯಾಗಲಿ ಬ್ಯಾಂಕಾಗಲಿ ನಿಮ್ಮೊಂದಿಗೆ ಮಾತನಾಡಬೇಕಾಗಿಲ್ಲ. ನ್ಯಾಯಾಲಯದ ಮೂಲಕ, ಕೆಲವು ವಿಷಯಗಳಲ್ಲಿ ಅವರ ಪರವಾಗಿ ನಿರ್ಧರಿಸುವ ಅಧಿಕಾರವಾದ ಸೀಮಿತ ಕನ್ಸರ್ವೇಟರ್‌ಶಿಪ್ ಪಡೆಯುವುದು ಒಂದು ದಾರಿ. ವ್ಯಕ್ತಿಯೇ ನಿರ್ಧಾರ ಮಾಡಿ, ನಂಬಿಕಸ್ಥರು ಅದಕ್ಕೆ ನೆರವಾಗುವ ವ್ಯವಸ್ಥೆಗೂ 2023ರಿಂದ ಕಾನೂನಿನ ಮಾನ್ಯತೆಯಿದೆ. ಸಾಧ್ಯವಿದ್ದಲ್ಲಿ ಎರಡನೆಯದನ್ನೇ ಮೊದಲು ಪ್ರಯತ್ನಿಸುವುದು ಲೇಸೆಂದು ನನ್ನ ಅಭಿಪ್ರಾಯ. 18ರ ನಂತರ, ಕಡಿಮೆ ಆದಾಯದ ಅಂಗವಿಕಲರಿಗೆ ಫೆಡರಲ್ ಸರ್ಕಾರ ಕೊಡುವ ಎಸ್‌ಎಸ್‌ಐ ಮಾಸಾಶನಕ್ಕೂ ಪೋಷಕರ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇಲ್ಲಿ ವೀಸಾ ಅಡ್ಡ ಬರುತ್ತದೆ: ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವವರಿಗೆ ಅದು ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇದ್ದವರಿಗೂ ಕಠಿಣ ಷರತ್ತುಗಳಿವೆ. ಅದಕ್ಕಿಂತ ದೊಡ್ಡ ಚಿಂತೆ ಎಂದರೆ ಎಚ್-4 ಸ್ಥಾನಮಾನವೇ 21ಕ್ಕೆ ಮುಗಿಯುತ್ತದೆ, ಅಂಗವಿಕಲತೆಯ ಕಾರಣಕ್ಕೆ ವಿನಾಯಿತಿಯಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು ಮಗುವಿಗೆ 15–16 ಆಗುವಾಗಲೇ ವಲಸೆ ವಕೀಲರನ್ನು ಕಾಣಬೇಕು.

ಎಸ್‌ಎಸ್‌ಐ ಪಡೆಯುವ ವ್ಯಕ್ತಿಯ ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ಮೀರುವಂತಿಲ್ಲ. ಊರಿನಲ್ಲಿರುವ ಅಜ್ಜ ಮೊಮ್ಮಗನ ಮೇಲಿನ ಅಕ್ಕರೆಯಿಂದ ಮೈಸೂರಿನ ಸೈಟನ್ನು ಅವನ ಹೆಸರಿಗೆ ದಾನಪತ್ರ ಮಾಡಿದರೆ, ಮಾರಬಹುದಾದ ಆ ಆಸ್ತಿ ಭಾರತದಲ್ಲಿದ್ದರೂ ಲೆಕ್ಕಕ್ಕೆ ಬಂದು ಮಾಸಾಶನಕ್ಕೆ ಕುತ್ತಾಗುತ್ತದೆ. ಕೊಡುವುದಿದ್ದರೆ ಮಗುವಿನ ಹಿತಕ್ಕಾಗಿ ಕುಟುಂಬದವರು ರಚಿಸುವ ಸ್ಪೆಷಲ್ ನೀಡ್ಸ್ ಟ್ರಸ್ಟ್‌ಗೆ ಸೇರುವಂತೆ ವಿಲ್ ಬರೆಸಬೇಕು. ಜೀವವಿಮೆಯ ನಾಮಿನಿ ಹೆಸರನ್ನೂ ಹೀಗೆಯೇ ತಿದ್ದಬೇಕು. ಪಿತ್ರಾರ್ಜಿತ ಪಾಲಿನ ಪ್ರಶ್ನೆಯಿದ್ದರೆ ಎರಡೂ ದೇಶದ ವಕೀಲರ ಸಲಹೆ ಬೇಕಾಗುತ್ತದೆ. ಸಣ್ಣ ಉಳಿತಾಯಕ್ಕೆ ಅಂಗವಿಕಲರಿಗೆಂದೇ ರೂಪಿಸಿದ ಕ್ಯಾಲ್‌ಏಬಲ್ ಖಾತೆ ಇದೆ, ಅದರಲ್ಲಿ 1,00,000 ಡಾಲರ್‌ವರೆಗಿನ ಮೊತ್ತವನ್ನು ಎಸ್‌ಎಸ್‌ಐ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೇಳಿದ ಸೇವೆಯನ್ನು ನಿರಾಕರಿಸಿದರೆ ಅಥವಾ ಇರುವುದನ್ನು ಕಡಿತಗೊಳಿಸಿದರೆ ಲಿಖಿತ ನೋಟಿಸ್ ಕೊಡುವುದು ರೀಜನಲ್ ಸೆಂಟರ್‌ನ ಕರ್ತವ್ಯ. ನೋಟಿಸ್ ಕೈಸೇರಿದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ಇರುವ ಸೇವೆ ತೀರ್ಪು ಬರುವವರೆಗೆ ಮುಂದುವರಿಯಬೇಕಾದರೆ 30 ದಿನಗಳೊಳಗೇ ಸಲ್ಲಿಸಬೇಕು. ಡಿಸಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾ ಸಂಸ್ಥೆಯ ಹಕ್ಕುಪ್ರತಿಪಾದಕರು ಇದಕ್ಕೆ ಉಚಿತವಾಗಿ ಸಲಹೆ ನೀಡುತ್ತಾರೆ. ಮೇಲ್ಮನವಿ ಹಾಕಿದರೆ ಸಂಯೋಜಕರಿಗೆ ಬೇಸರವಾದೀತು ಎಂಬ ದಾಕ್ಷಿಣ್ಯ ಬೇಡ, ಅವರ ಪಾಲಿಗೆ ಇದು ನಿತ್ಯದ ಕೆಲಸ.

ಈ ಹಕ್ಕುಗಳು ರಾಜ್ಯದ ಗಡಿಗೇ ಮುಗಿಯುತ್ತವೆ. ಕ್ಯಾಲಿಫೋರ್ನಿಯಾದೊಳಗೆ ಮನೆ ಬದಲಾಯಿಸಿದರೆ ಕಡತ ಇನ್ನೊಂದು ರೀಜನಲ್ ಸೆಂಟರ್‌ಗೆ ವರ್ಗವಾಗುತ್ತದೆ. ಟೆಕ್ಸಸ್‌ಗೆ ಹೋದರೆ ಐಪಿಪಿಗೆ ಬೆಲೆಯಿಲ್ಲ, ಮತ್ತು ಅಲ್ಲಿ ವಯಸ್ಕರ ವಸತಿ ಸೇವೆಯ ವೇವರ್‌ಗಾಗಿ ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಾಲಿನಲ್ಲಿ ಕಾಯುತ್ತಾರೆ. ಆಸ್ಟಿನ್ ಅಥವಾ ಡಲ್ಲಾಸ್‌ನ ಕೆಲಸಕ್ಕೆ ಒಪ್ಪಿಕೊಳ್ಳುವ ಮುನ್ನ ಅಲ್ಲಿಯ ಮನೆಯ ಬೆಲೆಯ ಜೊತೆಗೆ ಆ ಸಾಲಿನ ಉದ್ದವನ್ನೂ ವಿಚಾರಿಸಿ. ಹೋಗುವುದೇ ಖಚಿತವಾದರೆ, ಅಲ್ಲಿ ಕಾಲಿಟ್ಟ ವಾರದಲ್ಲೇ ಮಗುವಿನ ಹೆಸರನ್ನು ಪಟ್ಟಿಗೆ ಸೇರಿಸಿ.