ಪತ್ತನಾಜೆಗೆ ಮೊದಲೇ ಫ್ಲೂ ಲಸಿಕೆ

ಮಂಗಳೂರು, ಉಡುಪಿಯ ಕಡೆಯವರು ಫ್ಲೂ ಲಸಿಕೆಯನ್ನು ಪತ್ತನಾಜೆಗೆ ಮೊದಲು ಹಾಕಿಸಿಕೊಳ್ಳುವುದು ಒಳ್ಳೆಯದು. ಮೇ 24ರ ಆಸುಪಾಸಿನಲ್ಲಿ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ. ಅದರ ಬೆನ್ನಿಗೇ ಮಳೆ ಹಿಡಿಯುತ್ತದೆ, ಶಾಲೆಗಳು ತೆರೆಯುತ್ತವೆ, ಮನೆಮನೆಯಲ್ಲೂ ಶೀತ-ಜ್ವರ ಶುರುವಾಗುತ್ತದೆ. ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು ಎರಡು ವಾರ ಬೇಕಾಗುವುದರಿಂದ, ಜ್ವರ ಊರಿಗೆ ಬಂದ ಮೇಲೆ ಓಡಾಡುವುದಕ್ಕಿಂತ ಮೇ ಮೊದಲ ವಾರಗಳಲ್ಲೇ ಮುಗಿಸಿಕೊಳ್ಳುವುದು ಜಾಣತನ. ಆದರೂ ತಪ್ಪಿಹೋಯಿತೆಂದು ಕೈಬಿಡಬೇಡಿ. ಜನವರಿಯಿಂದ ಮಾರ್ಚ್‌ವರೆಗೆ ಫ್ಲೂ ಮತ್ತೊಮ್ಮೆ ಹೆಚ್ಚುವುದುಂಟು.

ಸರಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇದು ಸೇರಿಲ್ಲ. ಹಾಗಾಗಿ ಅಂಗನವಾಡಿಯಲ್ಲಿ ಕಾಯದೆ, ನಿಮ್ಮ ವೈದ್ಯರಿಗೋ ಹತ್ತಿರದ ಆಸ್ಪತ್ರೆಗೋ ಫೋನ್ ಮಾಡಿ, ದರವನ್ನೂ ಈ ವರ್ಷದ ದಾಸ್ತಾನು ಬಂದಿದೆಯೇ ಎಂಬುದನ್ನೂ ವಿಚಾರಿಸಿ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ ಲಸಿಕೆಯ ತಳಿಗಳನ್ನು ಸೂಚಿಸುತ್ತದೆ. ಕಳೆದ ವರ್ಷ ಹಾಕಿಸಿಕೊಂಡವರೂ ಮತ್ತೆ ಹಾಕಿಸಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ. ನರ್ಸ್ ಫ್ರಿಜ್‌ನಿಂದ ಪೆಟ್ಟಿಗೆ ತೆಗೆದಾಗ ಅದರ ಮೇಲಿನ ವರ್ಷವನ್ನೂ ಅವಧಿ ಮುಗಿಯುವ ತಿಂಗಳನ್ನೂ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಆದ್ದರಿಂದ ಮೆಡಿಕಲ್ ಶಾಪಿನಿಂದ ಕೊಂಡು, ಮೇ ತಿಂಗಳ ಸೆಕೆಯಲ್ಲಿ ಚೀಲದೊಳಗಿಟ್ಟು ಬಸ್ಸಿನಲ್ಲಿ ಒಯ್ಯುವುದು ನನಗೆ ಸರಿಕಾಣುವುದಿಲ್ಲ. ಫ್ರಿಜ್ ಇರುವಲ್ಲೇ ಹಾಕಿಸಿಕೊಳ್ಳಿ.

65 ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ ಅಥವಾ ಹೃದ್ರೋಗ ಇರುವವರು, ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳು ಮೊದಲು ಹಾಕಿಸಿಕೊಳ್ಳಬೇಕು. ಆರು ತಿಂಗಳೊಳಗಿನ ಶಿಶುಗಳಿಗೆ ಇದನ್ನು ಹಾಕುವುದಿಲ್ಲ; ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡ ಲಸಿಕೆಯೇ ಆ ಮಗುವನ್ನು ಕಾಯುತ್ತದೆ. ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಆದ್ದರಿಂದ ಅವರನ್ನು ಏಪ್ರಿಲ್‌ನಲ್ಲೇ ಕರೆದೊಯ್ಯಿರಿ. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಅಥವಾ ಈಗ ಜೋರು ಜ್ವರವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಸೂಜಿ ಚುಚ್ಚುವುದು ದೊಡ್ಡವರಿಗೆ ತೋಳಿಗೆ. ಸಡಿಲ ತೋಳಿನ ಬಟ್ಟೆ ತೊಟ್ಟುಕೊಂಡು ಹೋಗಿ, ಕೆಲಸಕ್ಕೆ ಹೆಚ್ಚು ಬಳಸದ ಕೈಯನ್ನು ಕೊಡಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು. ಚುಚ್ಚಿಸಿಕೊಳ್ಳುವ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲವಾದ್ದರಿಂದ ಇದು ಫ್ಲೂ ಅಲ್ಲ.

ಈ ಲಸಿಕೆ ತಡೆಯುವುದು ಫ್ಲೂವನ್ನು ಮಾತ್ರ, ಅದೂ ಪೂರ್ತಿಯಾಗಿ ಅಲ್ಲ. ಆದರೆ ಬಂದರೂ ಅದು ಉಲ್ಬಣಿಸಿ ಆಸ್ಪತ್ರೆ ಸೇರುವ ಅಪಾಯವನ್ನು ತಗ್ಗಿಸುತ್ತದೆ. ನಮ್ಮ ಮಳೆಗಾಲದ ಡೆಂಗ್ಯೂವಿಗಾಗಲಿ, ಗದ್ದೆಯಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರಕ್ಕಾಗಲಿ ಇದು ತಡೆಯಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಎರಡು ದಿನ ಕಳೆದರೂ ಇಳಿಯದಿದ್ದರೆ, ಕಷಾಯದಲ್ಲೇ ದಿನ ದೂಡದೆ ವೈದ್ಯರಿಗೆ ತೋರಿಸಿ, ಅವರು ಹೇಳಿದ ರಕ್ತಪರೀಕ್ಷೆ ಮಾಡಿಸಿ.