ಎಲಾಸ್ಟಿಕ್ ದಾರದ ಲೆಕ್ಕ: ಮೊದಲು ಸಹಜ ಉದ್ದ ಗುರುತಿಸಿ

ಎಲಾಸ್ಟಿಕ್ ದಾರದ ಸಮತೋಲನದ ಲೆಕ್ಕ ಕೆಡುವುದು ಹೆಚ್ಚಾಗಿ ಬಲಗಳಲ್ಲಲ್ಲ, ಉದ್ದಗಳಲ್ಲಿ. ಎಳೆಯದಿದ್ದಾಗಿನ ಸಹಜ ಉದ್ದ, ಈಗಿನ ಉದ್ದ, ಇವೆರಡರ ವ್ಯತ್ಯಾಸವಾದ ಹಿಗ್ಗು: ಮೂರನ್ನೂ ಚಿತ್ರದ ಮೇಲೆ ಬರೆಯದೆ ಮುಂದೆ ಹೋಗಬೇಡಿ. ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ ಕರ್ಷಣ (ದಾರ ಎಳೆಯುವ ಬಲ) ಹೆಚ್ಚುವುದು ಹಿಗ್ಗಿಗೆ ತಕ್ಕಂತೆ:

ಕರ್ಷಣ = ಸ್ಥಿತಿಸ್ಥಾಪಕ ಗುಣಾಂಕ × ಹಿಗ್ಗು ÷ ಸಹಜ ಉದ್ದ

ಇಲ್ಲಿ ಗುಣಾಂಕವೆಂದರೆ ದಾರ ಹಿಗ್ಗಲು ಎಷ್ಟು ಬಿರುಸು ಎಂಬುದರ ಅಳತೆ, ಏಕಮಾನ ನ್ಯೂಟನ್. ಪಿಯುಸಿಯಲ್ಲಿ ಓದುವ ಯಂಗ್ ಗುಣಾಂಕ ಪಾಸ್ಕಲ್‌ನಲ್ಲಿರುತ್ತದೆ, ಅದು ಬೇರೆ.

ಒಂದು ಲೆಕ್ಕ ನೋಡೋಣ. ಒಂದೇ ಮಟ್ಟದಲ್ಲಿ 1.6 ಮೀ. ಅಂತರದ ಎರಡು ಮೊಳೆಗಳಿಗೆ 1.6 ಮೀ. ಸಹಜ ಉದ್ದದ ಹಗುರ ದಾರ ಕಟ್ಟಿದೆ. ನಡುವೆ 1.2 ಕೆ.ಜಿ. ಭಾರ ತೂಗಿಬಿಟ್ಟಾಗ ಅದು 0.6 ಮೀ. ಕೆಳಗೆ ನಿಂತಿದೆ. ಗುಣಾಂಕವೆಷ್ಟು?

1. ಅರ್ಧ ದಾರ ಲಂಬಕೋನ ತ್ರಿಭುಜದ ಕರ್ಣ. ಬಾಹುಗಳು 0.8 ಮತ್ತು 0.6, ಆದ್ದರಿಂದ ಈಗಿನ ಉದ್ದ 1 ಮೀ.

2. ಅರ್ಧದ ಸಹಜ ಉದ್ದ 0.8 ಮೀ., ಹಿಗ್ಗು 0.2 ಮೀ.

3. ಪ್ರತಿ ಅರ್ಧದ ಕರ್ಷಣದಲ್ಲಿ 0.6 ÷ 1 ಭಾಗ ಮಾತ್ರ ಮೇಲಕ್ಕೆ ಎಳೆಯುತ್ತದೆ, ಗುರುತ್ವ ವೇಗೋತ್ಕರ್ಷ 9.8. ಲಂಬ ದಿಕ್ಕಿನಲ್ಲಿ: 2 × ಕರ್ಷಣ × 0.6 = 1.2 × 9.8. ಕರ್ಷಣ 9.8 ನ್ಯೂಟನ್.

4. ಗುಣಾಂಕ = 9.8 × 0.8 ÷ 0.2 = 39.2 ನ್ಯೂಟನ್.

ಇಡೀ ದಾರವನ್ನೇ ಹಿಡಿದು 1.6 ಮತ್ತು 0.4 ಹಾಕಿದರೂ ಇದೇ ಉತ್ತರ, ಏಕೆಂದರೆ ದಾರ ತುಂಡಾದರೂ ಗುಣಾಂಕ ಬದಲಾಗದು. ಪೂರ್ತಿ ಉದ್ದಕ್ಕೆ ಅರ್ಧದ ಹಿಗ್ಗು ಬೆರೆಸಿದರೆ ಮಾತ್ರ 78.4 ಬರುತ್ತದೆ. ಉತ್ತರ ಸರಿಯಾಗಿ ದುಪ್ಪಟ್ಟೋ ಅರ್ಧವೋ ಆಗಿದ್ದರೆ ಮೊದಲು ಈ ಬೆರಕೆ ಹುಡುಕಿ.

ದಾರ ಎಳೆಯಬಲ್ಲದು, ತಳ್ಳಲಾರದು. ಭಾರದ ಮೇಲೂ ಕೆಳಗೂ ದಾರವಿರುವ ಲೆಕ್ಕಗಳಲ್ಲಿ ಇದು ನಿರ್ಣಾಯಕ. ಮೊಳೆಗಳು ಒಂದರ ಕೆಳಗೊಂದು 2.2 ಮೀ. ಅಂತರದಲ್ಲಿವೆ, ಎರಡೂ ದಾರಗಳ ಸಹಜ ಉದ್ದ 1 ಮೀ., ಗುಣಾಂಕವೂ ಭಾರವೂ ಮೇಲಿನವೇ ಎನ್ನಿ. ಎರಡೂ ಬಿಗಿಯಾಗಿವೆ ಎಂದುಕೊಂಡರೆ ಹಿಗ್ಗುಗಳ ಮೊತ್ತ 2.2 − 2 = 0.2. ಕರ್ಷಣಗಳ ವ್ಯತ್ಯಾಸ ತೂಕಕ್ಕೆ ಸಮವಾದ್ದರಿಂದ ಹಿಗ್ಗುಗಳ ವ್ಯತ್ಯಾಸ 11.76 ÷ 39.2 = 0.3. ಕೆಳಗಿನ ಹಿಗ್ಗು ಋಣ 0.05 ಬಂತು, ಅಂದರೆ ಆ ದಾರ ಸಡಿಲ. ಚಿಹ್ನೆ ಅಳಿಸಿ ಮುಂದುವರಿಯಬೇಡಿ. ಅದರ ಕರ್ಷಣ ಸೊನ್ನೆ ಎಂದಿಟ್ಟು ಮತ್ತೆ ಮಾಡಿದರೆ ಮೇಲಿನ ಹಿಗ್ಗು 0.3 ಮೀ. ಕೆಳಗೆ ಉಳಿಯುವ ಅಂತರ 0.9 ಮೀ., ಸಹಜ ಉದ್ದಕ್ಕಿಂತ ಕಡಿಮೆ. ಊಹೆ ತಾಳೆಯಾಯಿತು.

ಸಮತೋಲನದ ಸ್ಥಾನ ಕೇಳಿದಾಗ ಶಕ್ತಿ ಸಂರಕ್ಷಣೆಯ ಸಮೀಕರಣ ಹಚ್ಚುವುದೂ ಸಾಮಾನ್ಯ ತಪ್ಪು. ಒಂದೇ ದಾರಕ್ಕೆ ಕಟ್ಟಿದ ಭಾರವನ್ನು ಸಹಜ ಉದ್ದದಲ್ಲಿ ಹಿಡಿದು ಕೈಬಿಟ್ಟರೆ, ಅದು ಸಮತೋಲನದ ಹಿಗ್ಗಿನ ಎರಡರಷ್ಟು ಇಳಿದು ಕ್ಷಣಕಾಲ ನಿಲ್ಲುತ್ತದೆ. ಆ ಸಮೀಕರಣದಲ್ಲಿ ವೇಗ ಸೊನ್ನೆ ಎಂದಿಟ್ಟರೆ ಸಿಗುವುದು ಈ ಸ್ಥಾನವೇ, ಸಮತೋಲನದ್ದಲ್ಲ. ಅಲ್ಲಿ ವೇಗ ಸೊನ್ನೆ, ಆದರೆ ಕರ್ಷಣ ತೂಕದ ಎರಡು ಪಟ್ಟು. ಹಾಗಾಗಿ ಭಾರ ಮರುಕ್ಷಣವೇ ಮೇಲೇರುತ್ತದೆ.