ಪರ್ಮಿಟ್ ಕಾರ್ಡು ಕೈಗೆ ಬರುವ ಮುನ್ನ: ಸ್ವಿಟ್ಜರ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಂದಿಳಿದ 14 ದಿನಗಳೊಳಗೆ ನಿಮ್ಮ ಊರಿನ ಗೆಮೈಂಡೆ (ಸ್ಥಳೀಯ ಆಡಳಿತ) ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟು, ಬಾಡಿಗೆ ಕರಾರು, ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರ ಜೊತೆಗಿರಲಿ. ಆರೋಗ್ಯ ವಿಮೆಗೆ 3 ತಿಂಗಳು ಸಮಯವಿದೆ, ಆದರೆ ಕಂತನ್ನು ಬಂದ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಇದಾದ ಮೇಲೆ ಮನೆಯವರಿಗೆಲ್ಲ ಇಲ್ಲಿ ವಾಸಿಸಲು ಅನುಮತಿಯ ಪರ್ಮಿಟ್ ಕಾರ್ಡು ಬರುತ್ತದೆ.

ಹೆಂಡತಿ ಮಕ್ಕಳಿಗೂ ಕಾರ್ಡು ಸಿಗುವುದು ನಮಗೆ ಸಹಜ ಅನ್ನಿಸುತ್ತದೆ. ಆದರೆ ಹಿಂದೆ ಇಲ್ಲಿನ ರಸ್ತೆ, ಸುರಂಗ, ಅಣೆಕಟ್ಟು ಕಟ್ಟಲು ಇಟಲಿಯಿಂದ, ಆಮೇಲೆ ಸ್ಪೇನ್, ಪೋರ್ಚುಗಲ್, ಯುಗೊಸ್ಲಾವಿಯದಿಂದ ಬಂದ ಲಕ್ಷಾಂತರ ಕೂಲಿಗಳಿಗೆ ಅದು ಸಿಗಲಿಲ್ಲ. ಅವರದು ‘ಎ’ ಪರ್ಮಿಟ್: ವರ್ಷಕ್ಕೆ ಹೆಚ್ಚೆಂದರೆ 9 ತಿಂಗಳು ದುಡಿಮೆ, ಆಮೇಲೆ ಊರಿಗೆ ವಾಪಸ್. ಸಂಸಾರ ಕರೆತರುವಂತಿರಲಿಲ್ಲ. ಆದರೂ ಕರೆತಂದವರಿದ್ದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಆ ಮಕ್ಕಳು ಬಾಗಿಲು ಹಾಕಿದ ಮನೆಯೊಳಗೆ ಓಡದೆ, ಜೋರಾಗಿ ನಗದೆ, ಕಿಟಕಿಯ ಬಳಿ ಸುಳಿಯದೆ ದಿನವಿಡೀ ಕೂರುತ್ತಿದ್ದರು. ಯಾರಾದರೂ ದೂರು ಕೊಟ್ಟರೆ ದೇಶ ಬಿಡಬೇಕಿತ್ತು. ಅವರಿಗೆ ಜರ್ಮನ್‌ನಲ್ಲಿ ‘ಶ್ರಾಂಕ್‌ಕಿಂಡರ್’ ಎಂಬ ಹೆಸರೇ ಇದೆ, ಬೀರುವಿನ ಮಕ್ಕಳು ಎಂದು. ಆ ಪರ್ಮಿಟ್ ಕೊನೆಗೊಂಡದ್ದು 2002ರಲ್ಲಿ. ಆಗಿನ ಮಕ್ಕಳಿಗೆ ಈಗ ಐವತ್ತು, ಅರವತ್ತು ವಯಸ್ಸು. ಕಟ್ಟಡದವರೆಲ್ಲ ಬಳಸುವ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಮಗೆ ಸಿಗುವ ಇಟಲಿ ಮೂಲದ ಹಿರಿಯರು ಅಂಥವರಲ್ಲೊಬ್ಬರಿರಬಹುದು. ಮಾತಾಡಿಸಿ.

1970ರ ಜೂನ್ 7ರಂದು ವಿದೇಶೀಯರ ಸಂಖ್ಯೆಗೆ ಮಿತಿ ಹಾಕುವ, ರಾಜಕಾರಣಿ ಶ್ವಾರ್ಟ್ಸೆನ್‌ಬಾಖ್ ತಂದ ಪ್ರಸ್ತಾವ ಜನಮತಕ್ಕೆ ಬಂತು. ಗೆದ್ದಿದ್ದರೆ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಬೇಕಿತ್ತು. ಶೇ. 54 ಮತ ವಿರುದ್ಧ ಬಿದ್ದು ಸೋತಿತು. ಅಂದು ಮತ ಹಾಕಿದವರು ಗಂಡಸರು ಮಾತ್ರ! ಸ್ವಿಸ್ ಹೆಂಗಸರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು ಮರುವರ್ಷ, 1971ರ ಫೆಬ್ರುವರಿ 7ರಂದು. ಆಪೆನ್‌ಸೆಲ್ ಇನ್ನರ್‌ರೋಡನ್ ಕ್ಯಾಂಟನ್ನಿನಲ್ಲಿ (ಕ್ಯಾಂಟನ್ ಎಂದರೆ ಇಲ್ಲಿನ ರಾಜ್ಯ) ಸ್ಥಳೀಯ ಮತಕ್ಕೆ ಅವರು 1990ರವರೆಗೆ ಕಾಯಬೇಕಾಯಿತು, ಅದೂ ಸಿಕ್ಕಿದ್ದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ.

ನಮ್ಮ ಅಕ್ಕತಂಗಿಯರು ಸಂಘದಲ್ಲಿ ಮೊದಲು ಕೇಳುವ ಪ್ರಶ್ನೆ, ‘ನಾನು ಇಲ್ಲಿ ಕೆಲಸ ಮಾಡಬಹುದಾ?’ ಗಂಡನಿಗೆ ‘ಬಿ’ ಪರ್ಮಿಟ್ (ವಾಸದ ಪರವಾನಗಿ) ಇದ್ದು ಅದರ ಮೇಲೆ ನೀವು ಬಂದಿದ್ದರೆ, ಖಂಡಿತ ಮಾಡಬಹುದು. 1988ರಲ್ಲಿ ಹೊಸ ವಿವಾಹ ಕಾನೂನು ಬರುವ ತನಕ ಇಲ್ಲಿನ ಹೆಣ್ಣುಮಕ್ಕಳೇ ಹೊರಗೆ ದುಡಿಯಲು ಕಾನೂನಿನ ಪ್ರಕಾರ ಗಂಡನ ಒಪ್ಪಿಗೆ ಬೇಕಿತ್ತು.

ಮಕ್ಕಳಿಗೆ ಭಾಷೆ ಬಾರದೆಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ; ಊರಿನ ಸರ್ಕಾರಿ ಶಾಲೆ ಸೇರಿಸಿಕೊಳ್ಳುತ್ತದೆ, ಭಾಷೆಯನ್ನೂ ಕಲಿಸುತ್ತದೆ.

ಬೇಸಿಗೆ ರಜೆಯಲ್ಲಿ ಆಲ್ಪ್ಸ್‌ನ ಪ್ರವಾಸಿ ಊರು ಸಾಸ್-ಫೇ ನೋಡಲು ಹೋಗುತ್ತೀರಿ. ಒಂದು ದಿನ ಅದೇ ಕಣಿವೆಯ ಮೇಲ್ತುದಿಯ ಮಾಟ್‌ಮಾರ್ಕ್ ಅಣೆಕಟ್ಟಿಗೂ ಹೋಗಿ, ಬೇಸಿಗೆಯಲ್ಲಿ ಹಳದಿ ಪೋಸ್ಟ್ ಬಸ್ ಅಲ್ಲಿವರೆಗೂ ಹೋಗುತ್ತದೆ. 1965ರ ಆಗಸ್ಟ್ 30ರಂದು ಅಲ್ಲಾಲಿನ್ ಹಿಮನದಿಯ ತುದಿ ಕಳಚಿ, ಅಣೆಕಟ್ಟು ಕಟ್ಟುತ್ತಿದ್ದವರ ಶೆಡ್ಡುಗಳ ಮೇಲೆ ಬಿತ್ತು. ಸತ್ತವರು 88 ಜನ. 56 ಮಂದಿ ಇಟಲಿಯವರು. ಅಲ್ಲೊಂದು ಸ್ಮಾರಕವಿದೆ. ಮಕ್ಕಳನ್ನೂ ಕರೆದೊಯ್ಯಿರಿ, ಬೆಚ್ಚನೆಯ ಬಟ್ಟೆ ಮರೆಯಬೇಡಿ.